ಸಾದಾ ಪತ್ರ, ಸಿಂಗಾರದ ಪತ್ರ

ಇ-ಮೇಲ್ ಬರೆಯುವುದರಲ್ಲಿ ಎರಡು ಬಗೆ. ಬರೀ ಅಕ್ಷರಗಳ ಸಾದಾ ಪತ್ರ ಒಂದು; ಬಣ್ಣ, ದಪ್ಪಕ್ಷರ, ಚಿತ್ರಗಳಿಂದ ಸಿಂಗರಿಸಿದ ಪತ್ರ ಇನ್ನೊಂದು. ಇವೆರಡರಲ್ಲಿ ಯಾವುದು ಮೇಲು?

ಇಂಟರ್‌ನೆಟ್ ಪತ್ರಗಳ 1982ರ ನಿಯಮದಲ್ಲಿ ಆಸ್ಕಿ ಸಂಕೇತದ 128 ಚಿಹ್ನೆಗಳಿಗಷ್ಟೇ ಜಾಗವಿತ್ತು. ಕನ್ನಡದ ಒಂದಕ್ಷರವೂ ಅವುಗಳಲ್ಲಿರಲಿಲ್ಲ. 1992ರಲ್ಲಿ ನೆಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ ‘ಮೈಮ್’ ವಿಧಾನ ಬೇರೆ ಲಿಪಿಗಳಿಗೂ ಚಿತ್ರಗಳಿಗೂ ಬಾಗಿಲು ತೆರೆಯಿತು. ಈಗ ಯೂನಿಕೋಡ್ ಇರುವುದರಿಂದ ಸಾದಾ ಪತ್ರದಲ್ಲೂ ಕನ್ನಡ ಸಲೀಸಾಗಿ ಹೋಗುತ್ತದೆ.

ಸಿಂಗಾರದ ಪತ್ರದಲ್ಲಿ ಒಂದು ಅಪಾಯವುಂಟು. ‘ವಿದ್ಯಾರ್ಥಿವೇತನಕ್ಕೆ ಇಲ್ಲಿ ಒತ್ತಿ’ ಎಂಬ ನೀಲಿ ಅಕ್ಷರಗಳ ಹಿಂದೆ ಯಾರದೋ ವಿಳಾಸ ಅಡಗಿರಬಹುದು. ಕಾಣುವುದು ಬ್ಯಾಂಕಿನ ಹೆಸರು, ಕರೆದೊಯ್ಯುವುದು ಕಳ್ಳನ ಮನೆಗೆ! ಪತ್ರದ ಚಿತ್ರ ಬೇರೆ ಕಂಪ್ಯೂಟರಿನಿಂದ ಬರುವಂತಿದ್ದರೆ, ಪತ್ರ ತೆರೆದ ಸುದ್ದಿಯೂ ಕಳಿಸಿದವನಿಗೆ ಮುಟ್ಟೀತು. ಸಾದಾ ಪತ್ರದಲ್ಲೂ ಸುಳ್ಳು ವಿಳಾಸ ಇರಬಹುದು. ಆದರೆ ಅದು ಕಣ್ಣೆದುರಿಗೇ ಇರುವುದರಿಂದ ಅಕ್ಷರ ಅಕ್ಷರ ಓದಿ ಪರೀಕ್ಷಿಸಬಹುದು.

ಹಾಗೆಂದು ಸಿಂಗಾರ ಬೇಡವೆಂದಲ್ಲ. ಅಂಕಪಟ್ಟಿಯಂಥ ಕೋಷ್ಟಕಗಳಿಗೆ ಅದು ಅನುಕೂಲ. ರಜೆಯ ಅರ್ಜಿಗೆ, ಕಾಲೇಜಿನಿಂದ ಮಾಹಿತಿ ಕೇಳಲು ಸಾದಾ ಪತ್ರವೇ ಸಾಕು. ಮಕ್ಕಳೂ ಪಾಲಕರೂ ಒಂದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು: ಹಣವನ್ನೋ ಪಾಸ್‌ವರ್ಡನ್ನೋ ಕೇಳುವ ಪತ್ರ ಎಷ್ಟೇ ಚೆಂದವಿರಲಿ, ಅದರೊಳಗಿನ ಕೊಂಡಿ ಒತ್ತಬಾರದು; ಆ ಸಂಸ್ಥೆಯ ಸರಿಯಾದ ವಿಳಾಸವನ್ನು ತಾವೇ ಟೈಪ್ ಮಾಡಿ ನೋಡಬೇಕು.