ಮೂಗಿನ ಲೆಕ್ಕ

‘ಹುಡುಗಿ ಬಣ್ಣ ಜರ ಕಮ್ಮಿ, ಆದ್ರ ಮೂಗು ನೋಡ್ರಿ, ದೊಡ್ಡ ಮನೆತನದ ಮೂಗು.’ ಸಿಂಧನೂರಾಗಲಿ ಲಿಂಗಸುಗೂರಾಗಲಿ, ಹೆಣ್ಣು ನೋಡಲು ಹೋದಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಆಡುವವರು ಬಹುಮಟ್ಟಿಗೆ ನಾವೇ, ಹೆಂಗಸರು. ಮೂಗಿಗೂ ಮನೆತನಕ್ಕೂ ಏನು ಸಂಬಂಧವೆಂದರೆ ‘ಅದು ರಕ್ತದಾಗ ಬರತೈತಿ’ ಎನ್ನುತ್ತೇವೆ. ರಕ್ತದಲ್ಲಿ ಬಂತೋ ಇಲ್ಲವೋ, ಸರಕಾರಿ ಪುಸ್ತಕದಲ್ಲಂತೂ ಬಂದಿತ್ತು.

ಹರ್ಬರ್ಟ್ ರಿಸ್ಲಿ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ಬಂಗಾಳದಲ್ಲಿ ಜನರ ತಲೆ, ಮೂಗುಗಳನ್ನು ಅಳೆಸಿದ. ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. ಉತ್ತರ 70ರ ಒಳಗಿದ್ದರೆ ನೀಳ ಮೂಗು, 85 ದಾಟಿದರೆ ಅಗಲ ಮೂಗು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಆತ ಬರೆದ. 1901ರ ಜನಗಣತಿಗೆ ಅವನೇ ಕಮಿಷನರ್ ಆದಾಗ ಜಾತಿಗಳನ್ನು ಮೇಲು ಕೀಳಿನ ಸಾಲಿನಲ್ಲಿ ನಿಲ್ಲಿಸಲು ಹೊರಟ. ನಮ್ಮವರು ಸುಮ್ಮನಿದ್ದರೇ? ನಮ್ಮನ್ನು ಒಂದು ಮೆಟ್ಟಿಲು ಮೇಲೆ ಹಾಕಿರಿ, ಕ್ಷತ್ರಿಯರೆಂದು ಬರೆಯಿರಿ ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿದರು.

ಲೆಕ್ಕ ಸರಿ ಇತ್ತೇ? 1932ರಲ್ಲಿ ಜಿ.ಎಸ್. ಘುರ್ಯೆ ರಿಸ್ಲಿಯ ಅಂಕಿಗಳನ್ನೇ ಮುಂದಿಟ್ಟುಕೊಂಡು ತಾಳೆ ನೋಡಿದರು. ಉತ್ತರ ಹಿಂದುಸ್ತಾನದ ಒಂದು ಭಾಗ ಬಿಟ್ಟರೆ ಮೂಗಿಗೂ ಜಾತಿಯ ಅಂತಸ್ತಿಗೂ ಹೊಂದಿಕೆಯೇ ಇರಲಿಲ್ಲ. 2017ರ ಒಂದು ಅಧ್ಯಯನವಂತೂ ಹೊಳ್ಳೆಯ ಅಗಲಕ್ಕೂ ಹಿರಿಯರು ಬಾಳಿದ ನೆಲದ ಸೆಕೆ, ತೇವಕ್ಕೂ ನಂಟಿದೆ ಎಂದು ತೋರಿಸಿತು. ದೊಡ್ಡ ಮನೆತನವೆಂದು ನಾವು ಕೈಮುಗಿದದ್ದು ಹವಾಮಾನಕ್ಕೆ!

ರಜಪೂತರ ವಿಷಯದಲ್ಲಿ ಈ ವಿದ್ವಾಂಸರ ಜಗಳ ನೋಡಬೇಕು. 1829ರಲ್ಲಿ ಜೇಮ್ಸ್ ಟಾಡ್ ಅವರನ್ನು ಶಕರ ನೆಂಟರೆಂದ. ರಿಸ್ಲಿ ಅವರನ್ನು ಆರ್ಯರ ಸಾಲಿಗೆ ಸೇರಿಸಿ, ಶಕರ ಗುರುತನ್ನು ಮರಾಠಿಗರಲ್ಲೂ ನಮ್ಮ ಕೊಡವರಲ್ಲೂ ಕಂಡ. ಡಿ.ಆರ್. ಭಂಡಾರ್ಕರ್ ಗುರ್ಜರರತ್ತ ಬೆರಳು ತೋರಿದರು. 1976ರಲ್ಲಿ ಬಿ.ಡಿ. ಚಟ್ಟೋಪಾಧ್ಯಾಯರು ಈ ಪ್ರಶ್ನೆಯನ್ನೇ ಬದಲಿಸಿದರು. ಭೂಮಿ ಹಿಡಿದು, ಕೋಟೆ ಕಟ್ಟಿ, ಹೆಣ್ಣು ಕೊಟ್ಟು ತಂದು ಶತಮಾನಗಳ ಕಾಲ ಬೇರೆ ಬೇರೆ ಮಂದಿ ರಜಪೂತರಾದರು ಎಂದು ತೋರಿಸಿದರು. ಇದು ನನಗೆ ಒಪ್ಪುವ ಮಾತು. ಹೊಸ ಸೊಸೆಯರಿಲ್ಲದೆ ಯಾವ ಕುಲ ಬೆಳೆದಿದೆ?

ಇಷ್ಟು ದೂರದ ಜಗಳ ನಮಗೇಕೆ ಎನ್ನಬೇಡಿ. ಲಿಂಗಸುಗೂರು ತಾಲೂಕಿನ ಲಂಬಾಣಿ ತಾಂಡಾಗಳಲ್ಲಿ ಅಡ್ಡಹೆಸರು ಕೇಳಿ ನೋಡಿ: ರಾಠೋಡ, ಪವಾರ, ಚವ್ಹಾಣ. ಇವೇ ಹೆಸರಿನ ರಜಪೂತ ರಾಜರಿಗೆ ಇಂಗ್ಲಿಷರು ತೋಪು ಹಾರಿಸಿ ಸಲಾಮು ಕೊಟ್ಟರು. ಎತ್ತಿನ ಮೇಲೆ ಉಪ್ಪು, ದವಸ ಹೇರಿ ಊರೂರಿಗೆ ಮುಟ್ಟಿಸಿದ ಬಂಜಾರರಿಗೆ ಏನು ಕೊಟ್ಟರು? ರೈಲು ಬಂದು ಅವರ ಕಸುಬು ಹೋಯಿತು. ಮೇಲೆ 1871ರ ಕಾಯಿದೆಯಡಿ ಕೆಲವು ಪ್ರಾಂತ್ಯಗಳಲ್ಲಿ ಅವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದರು. ಆ ಪಟ್ಟಿ ರದ್ದಾದದ್ದು 1952ರಲ್ಲಿ.

ಪಟ್ಟಿ ಕಾಗದದಿಂದ ಹೋಯಿತು, ನಮ್ಮ ಬಾಯಿಂದ ಹೋಗಿಲ್ಲ. ತಾಂಡಾದ ಹುಡುಗಿ ಕಾಲೇಜಿಗೆಂದು ಬಂದು ಬಾಡಿಗೆಗೆ ಒಂದು ಖೋಲಿ ಕೇಳಲಿ. ‘ನೀವು ಯಾವ ಪೈಕಿನವ್ವಾ?’ ಎಂಬುದೇ ಮೊದಲ ಪ್ರಶ್ನೆ. ಉತ್ತರ ಕೇಳಿದ ಮೇಲೆ ಖೋಲಿಗೆ ದಿಢೀರನೆ ಯಾರೋ ನೆಂಟರು ಬರುವವರಿರುತ್ತಾರೆ. ‘ನಾವು ಮೂಲತಃ ರಜಪೂತರು’ ಎಂದು ತಾಂಡಾದ ಹಿರಿಯರು ಹೇಳಿಕೊಂಡರೆ ನಮ್ಮ ಓಣಿಯವರು ಒಳಗೊಳಗೇ ನಗುತ್ತಾರೆ. ನಗುವವರನ್ನು ಕೇಳುತ್ತೇನೆ: ಅವರು ರಜಪೂತರೆಂದು ನಾಳೆ ಸಾಬೀತಾದರೆ ಖೋಲಿ ಕೊಡುತ್ತೀರಾ? ಆಗದಿದ್ದರೆ ಆ ಹುಡುಗಿ ಎಲ್ಲಿ ಕೂತು ಓದಬೇಕು? ತಾಂಡಾದ ಹಿರಿಯರೊಂದಿಗೂ ನನಗೆ ಸಣ್ಣ ತಕರಾರಿದೆ. ಸಾವಿರಾರು ಎತ್ತುಗಳನ್ನು ಹೊಡೆದುಕೊಂಡು ದಖ್ಖನಿನ ಊರುಗಳಿಗೆ ಉಪ್ಪು ತಂದವರಿಗೆ ರಾಣಾನ ವಂಶಾವಳಿ ಏಕೆ ಬೇಕು?

‘ಏನೇ ಆಗಲಿ, ಅವರು ಹೊರಗಿನಿಂದ ಬಂದವರಲ್ಲವೇ’ ಎಂಬ ಇನ್ನೊಂದು ಮಾತಿದೆ. ಸಿಂಧನೂರಿನಲ್ಲಿ ನಿಂತು ಹೀಗೆನ್ನಲು ಎದೆ ಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ಬೆನ್ನಿಗೆ ಬಂದ ಆಂಧ್ರದವರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳು, ಇವೆಲ್ಲ ಸೇರಿಯೇ ಇಂದಿನ ಸಿಂಧನೂರು. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ಒಂದರ ಮೇಲೊಂದು ಪದರವಾಗಿ ಬೇರೆ ಬೇರೆ ಕಾಲದ ಬದುಕು ಹೊರಬಿತ್ತು. ಕಲ್ಲಿನ ಕೊಡಲಿಯವರು, ಕಬ್ಬಿಣದವರು, ಆಮೇಲಿನವರು. ಇವರಲ್ಲಿ ಮೂಲದವರು ಯಾರೆಂದು ಯಾವ ಮೂಗು ನೋಡಿ ಹೇಳುತ್ತೀರಿ?

ಅದೇ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಾಸನದಲ್ಲಿ ಅಶೋಕನ ಹೆಸರಿದೆ ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಧರ್ಮದಿಂದ ನಡೆಯುವ ಸಣ್ಣವರಿಗೂ ಈ ಪದವಿ ದಕ್ಕುತ್ತದೆ, ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು ಎಂಬ ಅರ್ಥದ ಮಾತೂ ಅದರಲ್ಲೇ ಇದೆ. ಅದನ್ನು ಯಾವ ಮೇಷ್ಟರೂ ಪರೀಕ್ಷೆಯಲ್ಲಿ ಕೇಳಿದ್ದು ನಾನು ಕಂಡಿಲ್ಲ.