ದುಡ್ಡು ಕೊಟ್ಟು ಕೊಳ್ಳುವ ಕೂಲಿ

ಸೌದಿ ಅರೇಬಿಯಾದ ಕಾರ್ಮಿಕ ಕಾಯ್ದೆಯ 40ನೇ ವಿಧಿಯನ್ನು ಓದಿದರೆ ನಮ್ಮ ಕರಾವಳಿಯ ಗಲ್ಫ್ ಕಥೆಗಳೆಲ್ಲ ಕಟ್ಟುಕಥೆಗಳೇನೋ ಅನ್ನಿಸೀತು. ವಿದೇಶಿ ಕೆಲಸಗಾರನನ್ನು ಕರೆಸಿಕೊಳ್ಳುವ ಖರ್ಚು, ಇಕಾಮಾ (ವಾಸದ ಪರವಾನಗಿ) ಮತ್ತು ವರ್ಕ್ ಪರ್ಮಿಟ್ ಶುಲ್ಕ, ಅವುಗಳ ನವೀಕರಣ, ನವೀಕರಣ ತಡವಾದರೆ ಬೀಳುವ ದಂಡ, ರಜೆಗೆ ಹೋಗಿಬರುವ ವೀಸಾ, ಕೆಲಸ ಮುಗಿದ ಮೇಲೆ ಊರಿಗೆ ಮರಳುವ ಟಿಕೆಟ್ ಎಲ್ಲವನ್ನೂ ಮಾಲೀಕನೇ ಭರಿಸಬೇಕು ಎನ್ನುತ್ತದೆ ಅದು. ಯುಎಇ 2021ರಲ್ಲಿ ತಂದ ಕಾನೂನು ಕೂಡ ಅಷ್ಟೇ ಖಡಕ್ಕು: ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿ ವಸೂಲು ಮಾಡುವಂತಿಲ್ಲ, ಸುತ್ತುಬಳಸಿಯೂ ಮಾಡುವಂತಿಲ್ಲ. ಆದರೂ ಭಟ್ಕಳ, ಕುಂದಾಪುರ, ಉಪ್ಪಿನಂಗಡಿ ಕಡೆ ಗಲ್ಫಿಗೆ ಹೊರಟವನನ್ನು ‘ಸಂಬಳ ಎಷ್ಟು’ ಎಂದು ಕೇಳುವ ಮೊದಲೇ ‘ವೀಸಾಕ್ಕೆ ಎಷ್ಟಾಯ್ತು’ ಎಂದು ಕೇಳುತ್ತಾರೆ.

ಇದನ್ನು ಏಜೆಂಟರ ದುರಾಸೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಪತ್ರಿಕೆಗಳೂ ಪೊಲೀಸರೂ ಸಾಮಾನ್ಯವಾಗಿ ಮಾಡುವುದು ಅದನ್ನೇ. ಆದರೆ ಏಜೆಂಟನ ಕೈಗೆ ಮಾರಲು ಸರಕು ಬಂದದ್ದು ಎಲ್ಲಿಂದ ಎಂದು ನೋಡಬೇಕಾದರೆ, ನೇಮಕಾತಿ ನಡೆಯುವ ಬಗೆಯನ್ನು ಆ ತುದಿಯಿಂದ ಗಮನಿಸಬೇಕು.

ರಿಯಾದ್‌ನ ಕಂಪನಿಯೊಂದಕ್ಕೆ ಐವತ್ತು ಗಾರೆಯವರು ಬೇಕಾದರೆ ಅದು ಮೊದಲು ತನ್ನ ಸರ್ಕಾರದಿಂದ ಅಷ್ಟು ವೀಸಾಗಳ ಕೋಟಾ ಪಡೆಯಬೇಕು. ಯಾವ ಕಸುಬು, ಯಾವ ದೇಶದವರು, ಎಷ್ಟು ಜನ ಎಂಬುದೆಲ್ಲ ಅಲ್ಲೇ ನಿಗದಿಯಾಗುತ್ತದೆ. ಕೋಟಾ ಕೇಳಿದವರಿಗೆಲ್ಲ ಸಿಗುವುದಿಲ್ಲ. 2011ರಲ್ಲಿ ಬಂದ ‘ನಿತಾಕತ್’ ಪದ್ಧತಿಯು ಸೌದಿ ಪ್ರಜೆಗಳಿಗೆ ಎಷ್ಟು ಕೆಲಸ ಕೊಟ್ಟಿದ್ದೀರಿ ಎಂಬುದನ್ನು ನೋಡಿ ಕಂಪನಿಗಳಿಗೆ ಕೆಂಪು, ಹಸಿರು ಎಂದು ಬಣ್ಣ ಹಚ್ಚುತ್ತದೆ. ಕೆಂಪಿಗೆ ಬಿದ್ದ ಕಂಪನಿಗೆ ಹೊಸ ವೀಸಾ ಇಲ್ಲ. ಕೋಟಾ ಸಿಕ್ಕ ಮೇಲೆ ಡಿಮಾಂಡ್ ಲೆಟರ್, ಪವರ್ ಆಫ್ ಅಟಾರ್ನಿ, ಕರಾರಿನ ನಮೂನೆ ತಯಾರಾಗಿ ಬಹುತೇಕ ಮುಂಬೈನ ಏಜೆನ್ಸಿಯೊಂದರ ಮೇಜಿಗೆ ಬರುತ್ತವೆ. ಅಲ್ಲಿಂದ ಮುಂದಿನದು ನಮ್ಮವರಿಗೆ ಬಾಯಿಪಾಠ: ಟ್ರೇಡ್ ಟೆಸ್ಟ್, ಮೆಡಿಕಲ್, ಸ್ಟಾಂಪಿಂಗ್, ವಿಮಾನ. ಅಲ್ಲಿ ಇಳಿದ ಮೇಲೆ ಮಾಲೀಕ ಇಕಾಮಾ ಮಾಡಿಸಿಕೊಡಬೇಕು.

ಈ ಸರಪಳಿಯಲ್ಲಿ ಕಾನೂನಿನ ಪ್ರಕಾರ ದುಡ್ಡು ಹರಿಯಬೇಕಾದದ್ದು ಕಂಪನಿಯಿಂದ ಏಜೆನ್ಸಿಯ ಕಡೆಗೆ. ಆದರೆ ಒಂದು ಡಿಮಾಂಡ್ ಲೆಟರ್‌ಗೆ ಹತ್ತು ಏಜೆನ್ಸಿಗಳು ಕಾದಿರುವಾಗ, ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮ್ಯಾನೇಜರನಿಗೆ ತನ್ನ ಸಹಿಯ ಬೆಲೆ ಗೊತ್ತಾಗುತ್ತದೆ. ಹರಿವು ತಿರುಗುತ್ತದೆ. ಏಜೆನ್ಸಿ ಅವನಿಗೆ ಕೊಡುತ್ತದೆ, ಕೊಟ್ಟದ್ದನ್ನು ಸಬ್ ಏಜೆಂಟನಿಂದ ಪಡೆಯುತ್ತದೆ, ಸಬ್ ಏಜೆಂಟ್ ಹುಡುಗನ ಅಮ್ಮನ ಬಳೆಯಿಂದ ಪಡೆಯುತ್ತಾನೆ. ಭಾರತದ ನಿಯಮದಂತೆ ನೋಂದಾಯಿತ ಏಜೆನ್ಸಿ ಕೆಲಸಗಾರನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ಕೊಡಲೇಬೇಕು. ರಸೀದಿ ಕೊಡುತ್ತಾರೆ, ಸರಿಯಾಗಿ ಅಷ್ಟಕ್ಕೇ. ಉಳಿದದ್ದು ನಗದು.

ಇದರ ಪರಾಕಾಷ್ಠೆ ‘ಫ್ರೀ ವೀಸಾ’. ಇಷ್ಟು ದುಬಾರಿಯಾದ ಫ್ರೀ ಪ್ರಪಂಚದಲ್ಲಿ ಇನ್ನೊಂದಿರಲಾರದು. ಕಾಗದದ ಮೇಲೆ ಅಂಗಡಿಯೋ ಗುತ್ತಿಗೆ ಕಂಪನಿಯೋ ಇರುವ ಕಫೀಲನೊಬ್ಬ, ಅಂದರೆ ಪ್ರಾಯೋಜಕ ಮಾಲೀಕ, ವೀಸಾ ತೆಗೆಸಿ ಮಾರುತ್ತಾನೆ. ಕೊಂಡವನು ಅವನಲ್ಲಿ ಕೆಲಸ ಮಾಡುವುದಿಲ್ಲ, ಹೊರಗೆ ಸಿಕ್ಕಿದ್ದು ಮಾಡಿಕೊಂಡು ಕಫೀಲನಿಗೆ ಕಾಲಕಾಲಕ್ಕೆ ಕಪ್ಪ ಸಲ್ಲಿಸುತ್ತಾನೆ. ತನ್ನ ಕೆಲಸಗಾರ ಬೇರೆಡೆ ದುಡಿಯಲು ಮಾಲೀಕ ಬಿಡಕೂಡದು ಎಂಬುದು ಸೌದಿ ಕಾಯ್ದೆಯ 39ನೇ ವಿಧಿ. ಅದನ್ನು 2013ರಲ್ಲಿ ಬಿಗಿಯಾಗಿ ಜಾರಿ ಮಾಡಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಗಂಟುಮೂಟೆ ಕಟ್ಟಿದರು. ವೀಸಾ ಮಾರಿಕೊಂಡವರು ಅಲ್ಲೇ ಇದ್ದರು. 2018ರಿಂದ ವಿದೇಶಿ ಕೆಲಸಗಾರರ ತಲೆಲೆಕ್ಕದ ಲೆವಿಯೂ ಏರತೊಡಗಿ, 2020ರ ಹೊತ್ತಿಗೆ ಸೌದಿಗಳಿಗಿಂತ ವಿದೇಶಿಯರೇ ಹೆಚ್ಚಿರುವ ಸಂಸ್ಥೆ ಒಬ್ಬೊಬ್ಬರಿಗೆ ತಿಂಗಳಿಗೆ 800 ರಿಯಾಲ್ ಕಟ್ಟಬೇಕಾಯಿತು. ಕಟ್ಟಬೇಕಾದವನು ಮಾಲೀಕ. ಫ್ರೀ ವೀಸಾದವನ ವಿಷಯದಲ್ಲಿ ಅದನ್ನು ನಿಜಕ್ಕೂ ಕಟ್ಟುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ದೊಡ್ಡ, ಹೆಸರುವಾಸಿ ಕಂಪನಿ ಸೇರಿದವನು ಕ್ಷೇಮವೇ? 2016ರಲ್ಲಿ ಸೌದಿ ಓಜರ್ ಎಂಬ ಭಾರಿ ನಿರ್ಮಾಣ ಸಂಸ್ಥೆ ತಿಂಗಳುಗಟ್ಟಲೆ ಸಂಬಳ ಕೊಡದೆ ಮುಗ್ಗರಿಸಿದಾಗ ಸಾವಿರಾರು ಭಾರತೀಯರು ಶಿಬಿರಗಳಲ್ಲಿ ಸಿಕ್ಕಿಬಿದ್ದರು. ಜಿದ್ದಾದಲ್ಲಿ ನಮ್ಮ ದೂತಾವಾಸವೇ ಊಟ ಹಂಚಬೇಕಾಯಿತು. ಇಕಾಮಾ ನವೀಕರಿಸುವವನು ಮಾಲೀಕ, ನವೀಕರಿಸದಿದ್ದರೆ ಅಪರಾಧಿ ಕೆಲಸಗಾರ. ದೇಶ ಬಿಡಲು ಬೇಕಾದ ಎಕ್ಸಿಟ್‌ಗೂ ಆಗ ಅದೇ ಮಾಲೀಕನ ಒಪ್ಪಿಗೆ ಬೇಕಿತ್ತು. ಕಾಗದಪತ್ರ ಮಾಡಿಸಿಕೊಡುವುದನ್ನು ನಾವು ‘ಸಹಾಯ’ ಎಂದು ಕರೆಯುತ್ತೇವಲ್ಲ, ಆ ಸಹಾಯ ಮಾಡುವ ಕೈಯೇ ಅದನ್ನು ತಡೆಹಿಡಿಯಬಲ್ಲ ಕೈ ಕೂಡ ಎನ್ನುವುದು ಸಂಕಟದಲ್ಲಿ ಮಾತ್ರ ಕಾಣಿಸುತ್ತದೆ.

ಆಮೇಲೆ ಸುಧಾರಣೆಗಳು ಬಂದವು, ಇಲ್ಲವೆನ್ನಲಾಗದು. ಕತಾರ್ 2020ರಲ್ಲಿ ಕೆಲಸ ಬದಲಿಸಲು ಎನ್‌ಒಸಿ ಬೇಕಿಲ್ಲ ಎಂದಿತು. ಸೌದಿ 2021ರ ಮಾರ್ಚ್‌ನಲ್ಲಿ, ಒಂದು ವರ್ಷ ದುಡಿದವನು ಬೇರೆ ಕಂಪನಿಗೆ ಹೋಗಬಹುದು ಎಂದಿತು. ಆದರೆ ಸೌದಿಯ ಆ ರಿಯಾಯಿತಿಯಿಂದ ಮನೆಗೆಲಸದವರು, ಹೌಸ್ ಡ್ರೈವರ್‌ಗಳು, ತೋಟದವರು, ಕುರಿಗಾಹಿಗಳು ಹೊರಗುಳಿದರು. ಅಂದರೆ ಮಾಲೀಕನ ಕಾಂಪೌಂಡಿನ ಒಳಗೇ ಬದುಕುವವರು, ರಕ್ಷಣೆ ಎಲ್ಲರಿಗಿಂತ ಹೆಚ್ಚು ಬೇಕಿದ್ದವರು.

ಕೆಲಸಗಾರನನ್ನು ಮಾಲೀಕನಿಗೆ ಕಟ್ಟುವ ಈ ಹಗ್ಗ ಅಮೆರಿಕದಲ್ಲೂ ಇದೆ. ಅಲ್ಲಿನ ಸಾಫ್ಟ್‌ವೇರ್ ಕೆಲಸಕ್ಕೂ ಗಲ್ಫಿನ ಕೂಲಿಗೂ ಹೋಲಿಕೆಯೇ ಎಂದು ಬೆಂಗಳೂರಿನ ಓದುಗರು ಹುಬ್ಬೇರಿಸಬಹುದು. ವೇತನ, ಗೌರವ, ನ್ಯಾಯಾಲಯ ಎಲ್ಲದರಲ್ಲೂ ಅಜಗಜಾಂತರ ಇದೆ, ನಿಜ. ಎಚ್-1ಬಿ ಅರ್ಜಿಯ ಖರ್ಚನ್ನು ಕಂಪನಿಯೇ ಭರಿಸಬೇಕು ಎಂಬ ನಿಯಮ ಅಲ್ಲಿ ಬಹುಮಟ್ಟಿಗೆ ನಡೆಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊಸ ಅರ್ಜಿಗಳಿಗೆ ಹೇರಿದ ಒಂದು ಲಕ್ಷ ಡಾಲರ್ ಶುಲ್ಕವೂ ಕಂಪನಿಯ ತಲೆಯ ಮೇಲೆಯೇ. ಆದರೂ ಅರ್ಜಿ ಹಾಕುವವನು ಮಾಲೀಕ, ಕೆಲಸ ಹೋದರೆ 60 ದಿನದ ಗಡುವು. ಗ್ರೀನ್ ಕಾರ್ಡ್‌ನಲ್ಲಿ ಯಾವುದೇ ಒಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯನ ಸರದಿ ಬರುವಷ್ಟರಲ್ಲಿ ಮಕ್ಕಳು ಕಾಲೇಜು ಮುಗಿಸಿರುತ್ತಾರೆ. ಅಷ್ಟೂ ಕಾಲ ಕಡತ ಇರುವುದು ಕಂಪನಿಯ ಹೆಸರಲ್ಲಿ. ಬೆಲೆ ಮಾಲೀಕ ತೆತ್ತರೂ ಹಗ್ಗ ಹಾಗೇ ಉಳಿಯುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ದಕ್ಷಿಣ ಕೊರಿಯಾದ ಅನುಭವವೂ ಇದನ್ನೇ ಹೇಳುತ್ತದೆ. 2004ರಿಂದ ಅಲ್ಲಿ ಖಾಸಗಿ ಏಜೆಂಟರನ್ನೇ ದೂರವಿಟ್ಟು ಸರ್ಕಾರ-ಸರ್ಕಾರಗಳ ನಡುವಿನ ಒಪ್ಪಂದದಂತೆ ಕಾರ್ಮಿಕರನ್ನು ತರಿಸಿಕೊಳ್ಳುತ್ತಾರೆ. ಕಾರ್ಮಿಕ ತೆರುವ ಹಣ ಗಣನೀಯವಾಗಿ ಇಳಿಯಿತು, ಆದರೆ ಕಾರ್ಖಾನೆ ಬದಲಿಸಲು ಇನ್ನೂ ಬಿಗಿ ಮಿತಿಯಿದೆ. ಇತ್ತ ನೇಪಾಳ 2015ರಲ್ಲಿ ‘ಉಚಿತ ವೀಸಾ, ಉಚಿತ ಟಿಕೆಟ್’ ಎಂದು ಘೋಷಿಸಿತು. ಡಿಮಾಂಡ್ ಲೆಟರ್ ಮಾರಾಟವಾಗುವ ಜಾಗವನ್ನು ಮುಟ್ಟದೆ ತನ್ನ ಏಜೆನ್ಸಿಗಳಿಗಷ್ಟೇ ಕಟ್ಟಪ್ಪಣೆ ಮಾಡಿದ್ದರಿಂದ ಕಾರ್ಮಿಕರು ಕೊಡುವುದು ನಿಲ್ಲಲಿಲ್ಲ. ಬೆಲೆ ಮತ್ತು ಹಗ್ಗ ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆಯೇ.

ಭಾರತದ ನಿಲುವು ಇಲ್ಲಿ ಗೊಂದಲದ್ದು. ನಮ್ಮ ಎಮಿಗ್ರೇಷನ್ ಕಾಯ್ದೆ 1983ರದು. ಕಾರ್ಮಿಕರಿಂದ ಶುಲ್ಕ ಪಡೆಯಕೂಡದು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 181ನೇ ಒಡಂಬಡಿಕೆಗೆ ನಾವು ಒಪ್ಪಿಗೆ ಕೊಟ್ಟಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಗಲ್ಫ್‌ಗೆ ಹೋಗುವವರ ಕನಿಷ್ಠ ಶಿಫಾರಸು ವೇತನವನ್ನೇ ತಗ್ಗಿಸಿಬಿಟ್ಟಿತು, ಕೆಲಸ ಉಳಿಯಲಿ ಎಂಬ ಸಮಜಾಯಿಷಿಯೊಂದಿಗೆ. ವಿಷಯ ತೆಲಂಗಾಣ ಹೈಕೋರ್ಟ್ ಮೆಟ್ಟಿಲೇರಿತು, 2021ರಲ್ಲಿ ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು.

ಅದಕ್ಕಿಂತ ಕರ್ನಾಟಕಕ್ಕೆ ಹತ್ತಿರದ ತೊಂದರೆ ಇನ್ನೊಂದಿದೆ. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ವಿದೇಶಿ ಮಾಲೀಕನ ನೋಂದಣಿ, ಕರಾರಿನ ಪರಿಶೀಲನೆ, ಎಮಿಗ್ರೇಷನ್ ಅನುಮತಿ ಎಲ್ಲವೂ ಕಡ್ಡಾಯವಾಗಿರುವುದು ಮುಖ್ಯವಾಗಿ ಹತ್ತನೇ ತರಗತಿ ಪಾಸಾಗದವರಿಗೆ. ಎಸ್ಸೆಸ್ಸೆಲ್ಸಿ ಮುಗಿಸಿದವನ ಪಾಸ್‌ಪೋರ್ಟ್‌ಗೆ ಈ ತಪಾಸಣೆ ಬೇಕಿಲ್ಲ. ಹತ್ತು ಓದಿದವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಎಂಬುದು ಇದರ ಹಿಂದಿನ ಊಹೆ. ದಕ್ಷಿಣ ಕನ್ನಡ, ಉಡುಪಿಯ ಹುಡುಗರು ಹತ್ತು ಮುಗಿಸದೆ ಶಾಲೆ ಬಿಡುವುದು ಈಗ ಅಪರೂಪ. ಹೀಗೆ ನಮ್ಮ ಹೆಚ್ಚಿನ ಗಲ್ಫ್ ಪ್ರಯಾಣಿಕರು, ಅಂಗಡಿಯ ಸೇಲ್ಸ್‌ಮನ್‌ನಿಂದ ಡ್ರೈವರ್‌ವರೆಗೆ, ಯಾವ ಮಾಲೀಕನ ಬಳಿ ಹೋದರೆಂಬ ದಾಖಲೆಯೇ ಇಲ್ಲದೆ ವಿಮಾನ ಹತ್ತುತ್ತಾರೆ. ಓದಿದ್ದಕ್ಕೆ ಸಿಕ್ಕ ಬಹುಮಾನ ಇದು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರದಂತೂ ಲೆಕ್ಕಕ್ಕೇ ಇಲ್ಲ.

1983ರ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆಯ ಕರಡನ್ನು ಕೇಂದ್ರ 2025ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಅದನ್ನು ಅಳೆಯಲು ನನ್ನ ಬಳಿ ಇರುವ ಗಜಕಡ್ಡಿ ಸರಳವಾದದ್ದು. ಓದಿನ ಮಟ್ಟ ನೋಡದೆ ಗಲ್ಫ್‌ಗೆ ಹೋಗುವ ಪ್ರತಿ ಕೆಲಸಗಾರನ ಕರಾರೂ ಮಾಲೀಕನ ಹೆಸರೂ ದಾಖಲಾಗುತ್ತವೆಯೇ? ಶುಲ್ಕ ಕೆಲಸಗಾರನಿಂದ ಬಂದರೆ ಏಜೆನ್ಸಿಯ ಜೊತೆಗೆ ಡಿಮಾಂಡ್ ಲೆಟರ್ ಕೊಟ್ಟ ಕಂಪನಿಯೂ ಸಿಕ್ಕಿಬೀಳುತ್ತದೆಯೇ? ವಿದೇಶಿ ಕಂಪನಿಗೆ ನಮ್ಮ ಕಾನೂನು ತಾಗದು ಎಂಬ ವಾದ ಅರ್ಧ ನಿಜ. ದೂರು ಬಂದ ಮಾಲೀಕರನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಿ ನೇಮಕಾತಿ ತಡೆಯುವ ಅಧಿಕಾರ ನಮ್ಮ ರಾಯಭಾರ ಕಚೇರಿಗಳ ಕೈಯಲ್ಲಿ ಈಗಲೂ ಇದೆ.

ರಾಜ್ಯಕ್ಕೂ ಮಾಡುವುದಿದೆ. ಕೇರಳ 1977ರಲ್ಲೇ ಒಡೆಪೆಕ್ ಎಂಬ ಸರ್ಕಾರಿ ನೇಮಕಾತಿ ಸಂಸ್ಥೆ ಕಟ್ಟಿತು. ನಮ್ಮಲ್ಲಿ ಕೌಶಲ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬಂದದ್ದು ತೀರಾ ಇತ್ತೀಚೆಗೆ, ಅದರ ಹೆಸರು ಕೇಳಿದವರು ಬೈಂದೂರಿನಲ್ಲಿ ಎಷ್ಟು ಜನ ಸಿಕ್ಕಾರು? ಯುಎಇ 2016ರಲ್ಲಿ ಕೆಲಸದ ಆಫರ್ ಲೆಟರ್ ಅನ್ನು ಕಾರ್ಮಿಕನ ಭಾಷೆಯಲ್ಲೂ ಕೊಡಬೇಕೆಂದು ನಿಯಮ ಜಾರಿಗೆ ತಂದಾಗ ಹಿಂದಿ, ಮಲಯಾಳ, ತಮಿಳು, ಉರ್ದು ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಅದನ್ನು ಸೇರಿಸಿ ಎಂದು ಅಬುಧಾಬಿಗೆ ಒಂದು ಪತ್ರ ಬರೆಯಲು ಮಸೂದೆಗಾಗಿ ಕಾಯಬೇಕಿಲ್ಲ.