ಚಿತ್ರಕ್ಕೊಂದು ಮಾತು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಾಯಿಗೆ ಅಕ್ಷರ ಬಾರದು. ಮನೆಗೆ ಯಾವ ಕಾಗದ ಬಂದರೂ ಓದಿ ಹೇಳುವ ಹೊಣೆ ಬಾಲ್ಯದಿಂದಲೂ ನನ್ನದೇ. ಒಮ್ಮೆ ನಾನು ಕಾಗದದ ಮೇಲಿನ ಮೊಹರು, ಮುದ್ರೆಗಳನ್ನು ಬಣ್ಣಿಸತೊಡಗಿದಾಗ ಆಕೆ, "ಅದೆಲ್ಲಾ ಇರ್ಲಿ ಮಗ, ನಮಗೇನು ಹೇಳವ್ರೆ, ಅಷ್ಟು ಹೇಳು" ಎಂದಳು. ಜಾಲತಾಣದ ಚಿತ್ರಗಳಿಗೆ ಬದಲಿ ಬರಹ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇರಿಲ್ಲವೆಂಬುದು ನನ್ನ ಅಭಿಮತ.

ಬದಲಿ ಬರಹವೆಂದರೇನೆಂದು ಕೆಲವರು ಕೇಳಬಹುದು. ದೃಷ್ಟಿಯಿಲ್ಲದವರು ಗಣಕಯಂತ್ರವನ್ನೂ ಮೊಬೈಲನ್ನೂ ಬಳಸುವುದು, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಚಿತ್ರ ಬಂದಾಗ ಅದು ಓದುವುದು, ಚಿತ್ರದ ಹಿಂದೆ ಕಣ್ಣಿಗೆ ಕಾಣದಂತೆ ಬರೆದಿಟ್ಟ ಒಂದೆರಡು ಸಾಲನ್ನು. ಇದೇ ಆಲ್ಟ್ ಟೆಕ್ಸ್ಟ್. 1999ರಲ್ಲಿ ಪ್ರಕಟವಾದ ಜಾಲತಾಣಗಳ ಅಂತರರಾಷ್ಟ್ರೀಯ ಸುಗಮ್ಯತಾ ಸೂತ್ರಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ನನ್ನ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನಿಗೆ ದೃಷ್ಟಿಯಿಲ್ಲ. ಕಳೆದ ವರ್ಷ ಒಂದು ಕಚೇರಿಯವರು ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಬರಿಯ ಚಿತ್ರವಾಗಿ ಜಾಲತಾಣದಲ್ಲಿ ಹಾಕಿದರು. ಅವನ ಮೊಬೈಲು "ಚಿತ್ರ" ಎಂದಿತು. ಮುಂದೆ ಒಂದಷ್ಟು ಅಂಕಿಗಳನ್ನು ಓದಿ ಸುಮ್ಮನಾಯಿತು. ನಾವು ನೋಡಿ ತಿಳಿಸುವ ವೇಳೆಗೆ ಅರ್ಜಿಯ ಕಡೆಯ ದಿನ ಕಳೆದಿತ್ತು. ವೇತನ ಅವನಿಗೆ ಕನ್ನಡಿಯೊಳಗಿನ ಗಂಟಾಯಿತು.

ಹಾಗಾದರೆ ಬರೆಯುವುದೆಂತು? ಚಿತ್ರ ಅಲ್ಲಿ ಏಕಿದೆಯೆಂದು ಮೊದಲು ಕೇಳಿಕೊಳ್ಳಬೇಕು. ಗೋಲಗುಂಬಜಿನ ಚಿತ್ರ ಚರಿತ್ರೆಯ ಪಾಠದಲ್ಲಿದ್ದರೆ, "ಗೋಲಗುಂಬಜ್: ಚೌಕ ಕಟ್ಟಡದ ಮೇಲೆ ಒಂದೇ ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಏಳಂತಸ್ತಿನ ಗೋಪುರಗಳು" ಎನ್ನಬೇಕು. ಅದೇ ಚಿತ್ರವನ್ನು ಒತ್ತಿದರೆ ಪ್ರವಾಸದ ಪುಟ ತೆರೆಯುವಂತಿದ್ದರೆ, "ವಿಜಯಪುರ ಪ್ರವಾಸದ ವಿವರ" ಎಂದರೆ ಸಾಕು. "ಇದು ಒಂದು ಚಿತ್ರ" ಎಂಬ ಪೀಠಿಕೆ ಬೇಡ. ಅದನ್ನು ಯಂತ್ರವೇ ಹೇಳುತ್ತದೆ. ಅಂದಕ್ಕಾಗಿ ಹಾಕಿದ ಬಳ್ಳಿ, ಅಂಚುಗಳಿಗೆ ಬದಲಿ ಬರಹದ ಜಾಗವನ್ನು ಖಾಲಿ ಬಿಡಬೇಕು; ಆಗ ಯಂತ್ರ ಅವನ್ನು ದಾಟಿ ಹೋಗುತ್ತದೆ. ಪ್ರಕಟಣೆಯಾದರೋ, ಅದರ ಪೂರ್ಣಪಾಠವನ್ನು ಪುಟದಲ್ಲಿಯೇ ಅಕ್ಷರರೂಪದಲ್ಲಿ ಕೊಡಬೇಕು.

ಈಗ ಯಂತ್ರವೇ ಚಿತ್ರವನ್ನು ವಿವರಿಸುವುದಲ್ಲ, ನಮಗೇಕೆ ಈ ಶ್ರಮ ಎನ್ನುವವರಿದ್ದಾರೆ. ಯಂತ್ರ "ವೇದಿಕೆಯ ಮೇಲೆ ಒಬ್ಬ ಹುಡುಗಿ" ಎಂದೀತು. ಆಕೆ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆಯುತ್ತಿದ್ದಾಳೆಂಬುದು ನಮಗೆ ಗೊತ್ತು. ಗೊತ್ತಿದ್ದವರು ಹೇಳದಿದ್ದರೆ ಯಾರು ಹೇಳಬೇಕು?

ಅಂಗವಿಕಲರ ಹಕ್ಕುಗಳ ಕಾಯಿದೆ ಬಂದದ್ದು 2016ರಲ್ಲಿ. ಆದರೆ ಕಾಯಿದೆ ಬಂದು ನಮ್ಮ ಪರವಾಗಿ ಆ ಒಂದು ಸಾಲನ್ನು ಬರೆಯಲಾರದು. ಮಿತ್ರರೇ, ಮುಂದಿನ ಬಾರಿ ನಮ್ಮ ಸಂಘದ ಸಮಾರಂಭದ ಚಿತ್ರವನ್ನೋ ಪರೀಕ್ಷೆಯ ವೇಳಾಪಟ್ಟಿಯನ್ನೋ ಜಾಲತಾಣಕ್ಕೆ ಏರಿಸುವಾಗ ಅರೆನಿಮಿಷ ನಿಲ್ಲೋಣ. ಪಕ್ಕದಲ್ಲಿ ಕುಳಿತ ನನ್ನ ಗೆಳೆಯ "ಏನಿದೆಯಯ್ಯಾ ಅದರಲ್ಲಿ?" ಎಂದು ಕೇಳಿದನೆಂದು ಭಾವಿಸಿ, ಅವನಿಗೆ ಹೇಳುವ ಮಾತನ್ನೇ ಅಲ್ಲಿ ಬರೆಯೋಣ.